ಪಕ್ಕದ ಅಂಗಡಿಯ ವಾಂಟನ್

ಫೂಂಗ್ ಮುದುಕನ ನಾಲಿಗೆಗೆ ಬೆಳಗಿನ ಹೊತ್ತು ಮಾತ್ರ ಕೆಲಸ. ಬಸ್ ಡಿಪೋದಲ್ಲಿ ಟಯರ್ ಬದಲಿಸುತ್ತಲೇ ಸವೆದ ಮನುಷ್ಯ. ಮದುವೆಯಾಗಲಿಲ್ಲ, ಪುರುಸೊತ್ತಾಗಲಿಲ್ಲ ಎಂದು ತಾನೇ ಹೇಳಿಕೊಳ್ಳುತ್ತಾನೆ. ಈಗ ಸಿಂಗಪುರ ಸರ್ಕಾರದ ಒಂದು ಕೋಣೆಯ ಬಾಡಿಗೆ ಮನೆಯಲ್ಲಿ ಇನ್ನೊಬ್ಬ ಒಂಟಿ ಮುದುಕನ ಜೊತೆ ವಾಸ. ಇಬ್ಬರ ಮಂಚಗಳ ನಡುವೆ ಒಂದು ಪರದೆ. ಆ ಮಹರಾಯ ಕೆಮ್ಮುವುದಕ್ಕೆ ಬಿಟ್ಟರೆ ಇನ್ನಾವುದಕ್ಕೂ ಬಾಯಿ ತೆರೆಯುವುದಿಲ್ಲ. ಹಾಗಾಗಿ ಮಾತೆಂದರೆ ಕೆಳಗಿನ ತಿಂಡಿ ಅಂಗಡಿಗಳ ಸಾಲಿನಲ್ಲಿ, ಕಂಬದ ಪಕ್ಕದ ಮೇಜಿನಲ್ಲಿ, ಎದುರು ಕೂರುವ ಆ ಹೆಂಗಸಿನ ಜೊತೆ ಮಾತ್ರ.

ಅವಳ ಹೆಸರು ಅವನಿಗೆ ಗೊತ್ತಿರಲಿಲ್ಲ. ಖಾಲಿ ಸ್ಟೂಲ್ ಕಂಡಲ್ಲಿ ಕೂರುವುದು ಅಲ್ಲಿನ ವಾಡಿಕೆ, ಹೆಸರು ಕೇಳುವುದು ವಾಡಿಕೆಯಲ್ಲ. ಗೋಡೆಗೆ ಗೋಡೆ ಅಂಟಿಕೊಂಡ ಎರಡು ಅಂಗಡಿ, ಎರಡರಲ್ಲೂ ವಾಂಟನ್ ನೂಡಲ್ಸ್, ಮಾಂಸ ತುಂಬಿದ ಪುಟ್ಟ ಹಿಟ್ಟಿನ ಕಡುಬುಗಳ ಜೊತೆ ಕೊಡುವ ನೂಡಲ್ಸ್. ಇವನದು ಎಡಗಡೆಯ ಲೋಹ್‌ನ ಅಂಗಡಿ, ಅವಳದು ಬಲಗಡೆಯ ಚಿಯಾಳದು. ಲೋಹ್, ಚಿಯಾ ಇಬ್ಬರೂ ಒಬ್ಬನೇ ಯಜಮಾನನ ಕೈಕೆಳಗೆ ಕಲಿತವರು. ಅವನು ತೀರಿಕೊಂಡ ಮೇಲೆ ನಿಜವಾದ ಕೈರುಚಿ ಯಾರದು ಎಂದು ಜಗಳವಾಗಿ ಮಾತು ಬಿಟ್ಟಿದ್ದರು. ಗಿರಾಕಿಗಳೂ ಕಡಿಮೆಯವರಲ್ಲ. ಎಡಗಡೆಯವನು ಬಲಗಡೆಯ ಸಾಲಿನಲ್ಲಿ ನಿಂತರೆ ಹೆಂಡತಿಗೆ ಮೋಸ ಮಾಡಿದವನನ್ನು ನೋಡುವ ಹಾಗೆ ನೋಡುತ್ತಿದ್ದರು.

"ನಿಮ್ಮ ಲೋಹ್ ಹಂದಿ ಕೊಬ್ಬು ಸುರಿದು ಸುರಿದು ನೂಡಲ್ಸನ್ನ ಮೆತ್ತಗೆ ಮಾಡಿಡ್ತಾನೆ. ಹಲ್ಲಿಲ್ಲದೋರಿಗೆ ಸರಿ ಅದು," ಅನ್ನುತ್ತಿದ್ದಳು ಅವಳು, ವಿನೆಗರಿನಲ್ಲಿ ನೆನೆಸಿದ ಹಸಿಮೆಣಸಿನಕಾಯಿ ರಾಶಿ ಹಾಕಿಕೊಂಡು.

"ಹಲ್ಲಿನ ವಿಷ್ಯ ನೀವು ಎತ್ಲೇಬೇಡಿ. ನಿಮ್ಮ ಚಿಯಾ ವಾಂಟನ್‌ನಲ್ಲಿ ಮಾಂಸ ಹುಡುಕೋಕೆ ಕನ್ನಡಕ ಬೇಕು."

"ಹಾಕ್ಕೊಂಡು ಹುಡುಕಿ, ಯಾರು ಬೇಡ ಅಂದ್ರು?"

ಹೀಗೆಂದು ತನ್ನ ತಟ್ಟೆಯ ಒಂದು ವಾಂಟನ್ ಅವನ ತಟ್ಟೆಗೆ ದಾಟಿಸುವಳು. ಇವನೂ ಒಂದು ದಾಟಿಸುವನು. ಇಬ್ಬರೂ ತಿಂದು ಮೂತಿ ತಿರುವುವರು. ಈ ಜಗಳಕ್ಕೆಂದೇ ಫೂಂಗ್ ಬೆಳಿಗ್ಗೆ ಎದ್ದು ಗಡ್ಡ ಬೋಳಿಸಿಕೊಳ್ಳುತ್ತಿದ್ದ.

ಒಂದು ದಿನ ಅವಳು ಬರಲಿಲ್ಲ. ಮರುದಿನವೂ ಇಲ್ಲ. ಫೂಂಗ್ ಅವಳ ಸ್ಟೂಲಿನ ಮೇಲೆ ಟಿಶ್ಯೂ ಪೊಟ್ಟಣ ಇಟ್ಟ. ಅಲ್ಲಿ ಜಾಗ ಹಿಡಿದಿಡುವ ರೀತಿ ಅದು, ಅದಿದ್ದ ಕಡೆ ಯಾರೂ ಕೂರುವುದಿಲ್ಲ. ತಟ್ಟೆ ಹಿಡಿದು ಅಲೆಯುವವರು ಮಾತ್ರ ದುರುಗುಟ್ಟಿ ನೋಡುತ್ತಿದ್ದರು.

"ಅಂಕಲ್, ಇಲ್ಲಿ ಯಾರಾದ್ರೂ ಬರ್ತಾರಾ?"

"ಬರ್ತಾರೆ."

ಚಿಯಾಳನ್ನು ಒಂದು ಮಾತು ಕೇಳಬಹುದಿತ್ತು. ಕೇಳಬೇಕೆಂದು ದಿನವೂ ಅಂದುಕೊಂಡ. ಆದರೆ ಆವಿಯ ಹಿಂದಿನಿಂದ ಲೋಹ್ ನೋಡುತ್ತಿದ್ದ. ಇಷ್ಟು ವರ್ಷದ ಗಿರಾಕಿ ಆ ಕಡೆ ಹೇಗೆ ಕಾಲಿಡುವುದು? ನಾಳೆ ಅವಳೇ ಬರುತ್ತಾಳೆ ಎಂದು ಸಮಾಧಾನ ಮಾಡಿಕೊಂಡ. ಹಾಳು ಮೊಂಡುತನ! ವಾರಗಳು ಉರುಳಿದವು. ದಿನವಿಡೀ ಯಾರೊಂದಿಗೂ ಮಾತಿಲ್ಲದೆ, ಸಂಜೆ ಬಾಯಿ ತೆರೆದರೆ ದನಿಯೇ ಹೊರಡುತ್ತಿರಲಿಲ್ಲ. ಅವನಿಗೆ ಅವಳು ಬೇಕಾಗಿದ್ದಳು, ಅಷ್ಟೇ.

ಕೊನೆಗೊಂದು ಬೆಳಿಗ್ಗೆ ಬಲಗಡೆಯ ಸಾಲಿನಲ್ಲಿ ನಿಂತೇಬಿಟ್ಟ.

"ಏನ್ ಅಂಕಲ್, ದಾರಿ ತಪ್ಪಿದ್ರಾ?" ಲೋಹ್ ಸೌಟು ಬಡಿದು ಕೂಗಿದ.

ಫೂಂಗ್ ತಿರುಗಿ ನೋಡಲಿಲ್ಲ. ಅವಳು ಹೇಳುತ್ತಿದ್ದ ಹಾಗೆಯೇ ಹೇಳಿದ: "ಸಾರು ಬೇರೆ, ಕೊಬ್ಬು ಬೇಡ, ಹಸಿಮೆಣಸಿನಕಾಯಿ ಜಾಸ್ತಿ."

ಚಿಯಾಳ ಕೈ ನಿಂತಿತು. "ಅಯ್ಯೋ, ಇದು ಆಂಟಿ ಹೇಳೋ ಥರಾನೇ! ಆ ಪಕ್ಕದಂಗಡಿ ಅಂಕಲ್ಲು ನೀವೇನಾ? ಅವರ ತಂಗಿ ಮಗಳು ನಿಮ್ಮನ್ನ ಹುಡುಕ್ಕೊಂಡು ಎಷ್ಟು ಸಲ ಬಂದ್ಲು! ಅಂಗಡಿ ಮುಚ್ಚೋ ಹೊತ್ತಿಗೆ ಬರೋಳು, ಆಗ ತಿನ್ನೋರು ಯಾರೂ ಇರ್ತಿರ್ಲಿಲ್ಲ. ಆಂಟಿ ಆಸ್ಪತ್ರೇಲಿದಾರೆ, ಅವರ ಜೊತೆ ಜಗಳ ಆಡೋ ಅಂಕಲ್ ಯಾರು, ಒಂದ್ಸಲ ಕರ್ಕೊಂಡು ಬಾ ಅಂತಿದಾರೆ ಅಂತ ಹೇಳೋಳು."

"ನನಗೆ ಯಾರೂ ಹೇಳ್ಲೇ ಇಲ್ವಲ್ಲಮ್ಮಾ?"

"ಆ ಅಂಗಡಿ ಗಿರಾಕಿಗಳ ಮುಖ ನನಗೆಲ್ಲಿ ಗೊತ್ತು? ಅವನನ್ನ ಕೇಳಿದ್ರೆ ಗೊತ್ತಾಗ್ತಿತ್ತು." ಚಿಯಾ ತಗಡಿನ ಗೋಡೆಯ ಕಡೆ ನೋಡಿ ತಲೆ ತಗ್ಗಿಸಿದಳು. "ಕೇಳೋಕೆ ನನಗೆ ಬಾಯಿ ಬರ್ಲಿಲ್ಲ. ನೀವಾದ್ರೂ ಬಂದು ಕೇಳ್ಬಾರ್ದಿತ್ತಾ ಅಂಕಲ್? ಹೋದ ವಾರ ತೀರ್ಕೊಂಡ್ರು."

ಫೂಂಗ್ ಕೌಂಟರಿನ ಅಂಚು ಹಿಡಿದುಕೊಂಡ.

"ಒಂದು ಮಾತು ಹೇಳಿ ಕಳಿಸಿದ್ರು. ವಾಂಟನ್‌ನಲ್ಲಿ ನಿಮ್ಮ ಲೋಹೇ ಗೆದ್ದ, ಒಪ್ಕೊಂಡೆ ಅಂತ. ಆದ್ರೆ ನೂಡಲ್ಸಲ್ಲಿ ಬಿಟ್ಕೊಡಲ್ವಂತೆ. ಒಂದ್ಸಲ ತಿಂದು ನೋಡಿ ಅಂದ್ರಂತೆ."

"ಅವರ ಹೆಸರೇನು?"

ಚಿಯಾ ತಡವರಿಸಿದಳು. "ಹೆಸರು... ನಾವು ಮೆಣಸಿನಕಾಯಿ ಆಂಟಿ ಅಂತಿದ್ವಿ."

ತಟ್ಟೆ ತಂದು ಕಂಬದ ಪಕ್ಕ ಕೂತ. ಎದುರಿನ ಸ್ಟೂಲಿನ ಮೇಲೆ ಬೆಳಿಗ್ಗೆ ತಾನೇ ಇಟ್ಟ ಟಿಶ್ಯೂ ಪೊಟ್ಟಣವಿತ್ತು. ಒಂದು ತುತ್ತು ಬಾಯಿಗಿಟ್ಟ. ಎಳೆ ಎಳೆಯಾಗಿ ಬಿಡಿಬಿಡಿ, ಹಲ್ಲಿಗೆ ಸಿಕ್ಕುವಷ್ಟು ಹದ. ಅವಳು ಹೇಳಿದ್ದು ನಿಜವಾಗಿತ್ತು. ಸೋತೆ ಕಣಮ್ಮಾ ಎಂದು ಹೇಳಲು ತಲೆಯೆತ್ತಿದ.

ತಟ್ಟೆ ಹಿಡಿದ ಯಾರೋ ಹುಡುಗಿ ನಿಂತಿದ್ದಳು. "ಅಂಕಲ್, ಇಲ್ಲಿ ಯಾರಾದ್ರೂ ಬರ್ತಾರಾ?"

ಫೂಂಗ್ ಕೈ ಚಾಚಿ ಪೊಟ್ಟಣ ತೆಗೆದುಕೊಂಡ.

"ಇಲ್ಲಮ್ಮ. ಕೂತ್ಕೋ."