ಚಹಾ ತರುವವಳೇ ಈ ಸಲದ ನಾಯಕಿ

ಕೇರಳದ ವೆಂಬನಾಡು ಹಿನ್ನೀರಿನ ಮೇಲೆ ಮಂಜು ಇನ್ನೂ ಸರಿದಿಲ್ಲ. ದಡದಲ್ಲಿ ಶೋಶಾಮ್ಮನ ಒಲೆ ಆಗಲೇ ಉರಿಯುತ್ತಿದೆ. ತೆಂಗಿನ ಮಟ್ಟೆಯ ಬೆಂಕಿಯ ಮೇಲೊಂದು ದೊಡ್ಡ ಹಂಡೆ, ಅದರ ತುಂಬ ಗಂಡ ಪತ್ರೋಸ್ ನಿನ್ನೆ ನೀರಿನ ತಳದಿಂದ ಬಾಚಿ ತಂದ ಕಕ್ಕ, ಅಂದರೆ ಕಪ್ಪೆಚಿಪ್ಪು. ಚಿಪ್ಪುಗಳು ಬಾಯಿ ಬಿಡುವವರೆಗೆ ಕಾಯಬೇಕು. ಆ ಹೊತ್ತಿನಲ್ಲಿ ಈ ಹೆಂಗಸು ಮಗುಚಿಟ್ಟ ಬುಟ್ಟಿಯ ಮೇಲೆ ಕುಳಿತು, ಮೊಣಕಾಲ ಮೇಲೆ ರಟ್ಟಿನ ತುಂಡಿಟ್ಟುಕೊಂಡು ಕಾದಂಬರಿ ಬರೆಯುತ್ತಾಳೆ. ಹಂಡೆ ಉಕ್ಕಿದರೆ ಪೆನ್ನನ್ನು ತುರುಬಿಗೆ ಸಿಕ್ಕಿಸಿ ಏಳುತ್ತಾಳೆ.

ಕೋಟ್ಟಯಂನ ಒಂದು ವಾರಪತ್ರಿಕೆಯಲ್ಲಿ ‘ಎಸ್. ಪತ್ರೋಸ್’ ಎಂಬ ಹೆಸರಿನಲ್ಲಿ ಬರುವ ಧಾರಾವಾಹಿಗಳನ್ನು ಬಸ್ಸಿನಲ್ಲಿ, ಆಸ್ಪತ್ರೆಯ ಬೆಂಚಿನ ಮೇಲೆ, ಹೊಲಿಗೆ ಯಂತ್ರದ ಪಕ್ಕದಲ್ಲಿ ಓದುವವರಿಗೆ ಲೆಕ್ಕವಿಲ್ಲ. ಬರೆಯುವವರು ಯಾರೋ ಕಾಲೇಜು ಮೇಷ್ಟ್ರು ಎಂದೇ ಅವರೆಲ್ಲರ ನಂಬಿಕೆ. ಇಪ್ಪತ್ತು ವರ್ಷದಿಂದ ಈ ದಡದಲ್ಲೇ ಸಂಸಾರ ಮಾಡಿಕೊಂಡಿರುವ ನನಗೂ ಪಕ್ಕದ ಓಣಿಯಲ್ಲಿ ಇಂಥವಳೊಬ್ಬಳಿದ್ದಾಳೆಂದು ತಿಳಿದದ್ದು ತಡವಾಗಿಯೇ.

ಶೋಶಾಮ್ಮನಿಗೆ ಐವತ್ತು ದಾಟಿದೆ. ಅವಳ ಹಿರಿಯರು ಜಮೀನ್ದಾರರ ಹೊಲದಲ್ಲಿ ದುಡಿದು, ಆಮೇಲೆ ಶಿಲುಬೆ ಹಿಡಿದವರು. ಯೇಸು ಒಬ್ಬನೇ ಆದರೂ ದೊಡ್ಡ ಮನೆಯ ಕ್ರೈಸ್ತರದಕ್ಕಿಂತ ಇವರ ಚರ್ಚು ಬೇರೆ, ಸ್ಮಶಾನವೂ ಬೇರೆ. ಒಂಬತ್ತನೇ ತರಗತಿಗೆ ಓದು ನಿಂತಿತು. ‘ಮೊದಲ ಕತೆ ಬರೆದಾಗ ಅಮ್ಮಚ್ಚಿ ಬೈದ್ಳು. ಹಾಳೆ ಉರಿಸಿದ್ರೆ ಒಲೆಗಾದ್ರೂ ಆಗ್ತಿತ್ತಲ್ಲೇ ಅಂತ’ ಎಂದು ತಾಯಿಯನ್ನು ನೆನೆದು ನಗುತ್ತಾಳೆ.

ಈವರೆಗೆ ಬರೆದದ್ದು ಹದಿನೇಳು ಕಾದಂಬರಿ. ಹದಿನೇಳರಲ್ಲೂ ನಾಯಕಿಗೆ ಇಪ್ಪತ್ತೆರಡು ಮೀರಿಲ್ಲ. ಬಣ್ಣ ಹಾಲು, ಕೂದಲು ಮೊಣಕಾಲಿಗೆ ಬರುತ್ತದೆ, ಅಪ್ಪನಿಗೆ ರಬ್ಬರ್ ತೋಟ. ಈ ಕಡೆ ಹೊಸಬರನ್ನು ಕಂಡರೆ ಕೇಳುವ ಮೊದಲ ಮಾತೇ ‘ಯಾವ ಮನೆ?’ ಎಂದು. ಅವಳ ನಾಯಕಿಯರಿಗೆಲ್ಲ ಎರಡು ಸಾಲಿನಷ್ಟು ಉದ್ದದ ಮನೆಹೆಸರು. ಚಹಾ ತಂದಿಟ್ಟು ಹೋಗುವ ಕೆಲಸದವಳಿಗೆ ಮಾತ್ರ ಮನೆಯೇ ಇಲ್ಲ, ಬರೀ ಹೆಸರು. ಕೆಲವು ಸಲ ಅದೂ ಇಲ್ಲ.

ಇದನ್ನು ಎತ್ತಿ ಆಡಿದವಳು ಓಣಿಗೆಲ್ಲ ಅಕ್ಕನಾದ ಕಾರ್ತ್ಯಾಯನಿ ಚೇಚ್ಚಿ. ಬೆಂದ ಕಕ್ಕವನ್ನು ಜರಡಿಯಲ್ಲಿ ಕುಲುಕಿ ಮಾಂಸ ಬೇರೆ ಮಾಡುವಾಗ ಓಣಿಯ ಹೆಂಗಸರೆಲ್ಲ ಒಂದೆಡೆ ಸೇರುತ್ತಾರೆ, ಒಬ್ಬಳು ವಾರಪತ್ರಿಕೆ ಗಟ್ಟಿಯಾಗಿ ಓದುತ್ತಾಳೆ. ಅಂಥ ಒಂದು ಬೆಳಿಗ್ಗೆ ಈ ಮುದುಕಿ ಜರಡಿ ಕೆಳಗಿಟ್ಟು ಕೇಳಿದಳಂತೆ: ‘ಎಡೀ ಶೋಶಾಮ್ಮೇ, ನಿನ್ನ ಕತೆಗೆ ನಾವು ಬರೋದು ಬರೀ ಚಹಾ ಕೊಡೋಕಾ? ಕೊಟ್ಟು ಎಲ್ಲಿಗೇ ಹೋಗ್ತೀವಿ ನಾವು?’

‘ಸರಿಯಾಗೇ ಕೇಳಿದ್ಳು’ ಎನ್ನುತ್ತಾಳೆ ಶೋಶಾಮ್ಮ. ‘ಆ ಚಹಾದೋಳು ಬಾಗಿಲಾಚೆ ಹೋದ್ಮೇಲೆ ಎಲ್ಲಿಗೆ ಹೋಗ್ತಾಳೆ ಅಂತ ನಾನೇ ಒಂದು ದಿನಾನೂ ಯೋಚ್ನೆ ಮಾಡಿರ್ಲಿಲ್ಲ. ನಮ್ಮನೆಗೇ ಅಲ್ವಾ ಅವಳು ಬರ್ಬೇಕಾದ್ದು?’

ಹೀಗೆ ಹುಟ್ಟಿದ್ದು ಹದಿನೆಂಟನೆಯ ಕಾದಂಬರಿ, ‘ಉಪ್ಪುನೀರಿನ ಹೂವು’. ನಾಯಕಿ ರಾಹೇಲ್. ವಯಸ್ಸು ನಲವತ್ತಾರು, ಬಣ್ಣ ಕಪ್ಪು, ವಿಧವೆ, ಕಕ್ಕ ಬೇಯಿಸುವವಳು. ಮೊದಲ ವಾಕ್ಯದಲ್ಲೇ ಅವಳ ಮನೆಹೆಸರು ಬರುತ್ತದೆ. ಸರ್ಕಾರಿ ದೋಣಿ ನಡೆಸುವ ಪುಷ್ಕರನ್ ಎಂಬವನ ಮೇಲೆ ಅವಳಿಗೆ ಮನಸ್ಸಾಗುತ್ತದೆ. ಅವನಿಗೂ ಅವಳ ಮೇಲೆ.

ಪತ್ರಿಕೆಗೆ ಚಿತ್ರ ಬರೆಯುವವರಿಗೆ ಅಧ್ಯಾಯ ಓದಲು ಪುರುಸೊತ್ತಿರುವುದಿಲ್ಲ, ಹೆಸರು ಕೇಳಿಯೇ ಕುಂಚ ಎತ್ತುತ್ತಾರೆ. ಹೂವು ಎಂದದ್ದೇ ತಡ, ಮೊದಲ ವಾರ ಒಬ್ಬಳು ಬಿಳಿ ಬೆಡಗಿ ಮೈತುಂಬ ಚಿನ್ನ ಹೇರಿಕೊಂಡು ಅಚ್ಚಾದಳು. ಓಣಿಯಲ್ಲಿ ನಗೆಯೋ ನಗೆ. ಶೋಶಾಮ್ಮ ನಗಲಿಲ್ಲ. ಕಾರ್ತ್ಯಾಯನಿ ಚೇಚ್ಚಿಯ ಮಗಳು ವಿಲಾಸಿನಿಯನ್ನು, ಇದ್ದ ಸೀರೆಯಲ್ಲೇ ಬಸ್ಸು ಹತ್ತಿಸಿ ಕೋಟ್ಟಯಂಗೆ ಕರೆದೊಯ್ದು ಚಿತ್ರಕಾರನ ಮುಂದೆ ಕೂರಿಸಿದಳು. ‘ಇವಳನ್ನ ನೋಡ್ಕೊಂಡು ಬರೀರಿ. ಬಣ್ಣ ಉಳಿಸೋದು ಬೇಡ.’ ಎರಡನೆಯ ವಾರದಿಂದ ರಾಹೇಲ್ ಕಪ್ಪಾದಳು.

ತಮಾಷೆಯೆಂದರೆ, ಕೂತು ಬಂದ ವಿಲಾಸಿನಿಗೇ ಇದು ಇಷ್ಟವಿಲ್ಲ. ‘ದಿನಾ ಬೆಳಗಾದ್ರೆ ಇದೇ ಹೊಗೆ, ಇದೇ ವಾಸನೆ. ಕತೆಯೊಳಗೂ ಕಕ್ಕಾನೇ ಬೇಯಿಸ್ಬೇಕೇನೇ? ನಂಗೆ ಹಳೇ ಕತೆಗಳ ಆ ಡಾಕ್ಟರು, ಆ ಕಾರು, ಅದೇ ಚೆಂದ’ ಎಂದು ಮುಖ ಸಿಂಡರಿಸುತ್ತಾಳೆ. ಸಂಪಾದಕ ಮಾತ್ತುಕ್ಕುಟ್ಟಿಯವರದೂ ಇದೇ ವಾದ. ಅವರು ಕಟುಕರೇನಲ್ಲ. ಓದುಗರು ಎಂಥ ಕನಸಿಗೆ ಕೈಚಾಚುತ್ತಾರೆಂದು ಬಲ್ಲವರು. ಆದರೆ ಆ ಕನಸಿಗೆ ಯಾವಾಗಲೂ ಒಂದೇ ಬಣ್ಣ, ಒಂದೇ ಮನೆ ಏಕೆ ಎಂದು ಕೇಳಿದರೆ ಮಾರಾಟದ ಲೆಕ್ಕ ಹೇಳುತ್ತಾರೆ. ನನಗೆ ಸಿಟ್ಟು ಬರುವುದೇ ಅಲ್ಲಿ.

ಅವರು ಕಂಡುಕೊಂಡ ಉಪಾಯ ಹುಟ್ಟಿನ ಗುಟ್ಟು. ಬಡವಳು ನಾಯಕಿಯಾದರೆ, ಅವಳು ನಿಜಕ್ಕೂ ದೊಡ್ಡ ಮನೆಯ ಕಳೆದುಹೋದ ಕೂಸು ಎಂದು ಹನ್ನೆರಡನೆಯ ವಾರದಲ್ಲಿ ಬಯಲಾಗಬೇಕು. ವಾರಪತ್ರಿಕೆಗಳಲ್ಲಿ ಇದು ತಾಳಿ ಕಟ್ಟಿದಷ್ಟೇ ದೊಡ್ಡ ಶಾಸ್ತ್ರ. ಮಾಡದಿದ್ದರೆ ಧಾರಾವಾಹಿ ನಿಲ್ಲುತ್ತದೆ, ಶೋಶಾಮ್ಮನಿಗೆ ಇನ್ನು ಆ ಪತ್ರಿಕೆಯಲ್ಲಿ ಜಾಗವಿಲ್ಲ ಎಂದು ಅವರು ಹೇಳಿಯಾಗಿದೆ. ಇದು ಹನ್ನೆರಡನೆಯ ವಾರ.

ನಾನು ಕೂತಿದ್ದಂತೆಯೇ ಮಾತ್ತುಕ್ಕುಟ್ಟಿಯವರ ಫೋನು ಬರುತ್ತದೆ. ಶೋಶಾಮ್ಮನ ಕೈ ಒದ್ದೆ, ವಿಲಾಸಿನಿ ಗುಂಡಿ ಒತ್ತಿ ಎಲ್ಲರಿಗೂ ಕೇಳುವಂತೆ ಹಿಡಿಯುತ್ತಾಳೆ.

‘ಶೋಶಾಮ್ಮಾ, ಹುಟ್ಟಿನ ಗುಟ್ಟು ಎಲ್ಲಮ್ಮಾ?’

‘ಅವಳ ಹುಟ್ಟಲ್ಲಿ ಗುಟ್ಟೇನಿದೆ ಸಾರೇ? ದೋಣಿಯಲ್ಲಿ ಹುಟ್ಟಿದ್ಳು. ದಡದೋರೆಲ್ಲಾ ನೋಡಿದಾರೆ.’

ಹೆಂಗಸರು ಕಿಸಕ್ಕೆಂದು ನಗುತ್ತಾರೆ. ಆ ಕಡೆಯಿಂದ ನಿಟ್ಟುಸಿರು. ‘ಒಂದೇ ಒಂದು ಅಧ್ಯಾಯ. ತೋಟದ ಮನೆಯಿಂದ ಜೀಪು ಬರ್ಲಿ, ಅಜ್ಜಿ ಇಳಿದು ಅಳ್ಲಿ. ಆಮೇಲೆ ಅವಳು ಯಾರನ್ನಾದ್ರೂ ಕಟ್ಕೊಳ್ಲಿ.’

‘ಜೀಪು ಬರತ್ತೆ ಸಾರೇ. ಬರೆದಾಯ್ತು.’

‘ಹಾಗೆ ಬಾ ದಾರಿಗೆ!’

‘ಅಜ್ಜಿನೂ ಅಳ್ತಾರೆ. ನಮ್ಮ ರಾಹೇಲ್ ಮಣೆ ಕೊಟ್ಟು ಕೂರಿಸ್ತಾಳೆ, ಕಣ್ಣೀರು ಒರೆಸ್ತಾಳೆ. ಆಮೇಲೆ, ನನ್ನ ಅಮ್ಮಚ್ಚಿ ಇದೇ ದಡದಲ್ಲಿ ಮಣ್ಣಾದೋಳು, ನಿಮ್ಮ ಕೂಸನ್ನ ಬೇರೆ ಕಡೆ ಹುಡುಕಿ ಅಂತ ಜೀಪು ಹತ್ತಿಸಿ ಕಳಿಸ್ತಾಳೆ.’

‘ಹಾಗಿದ್ರೆ ಈ ವಾರಾನೇ ಕತೆ ಮುಗಿಯಿತು ಅಂತ ಹಾಕ್ಬಿಡ್ತೀನಿ’ ಎನ್ನುತ್ತಾರೆ ಸಂಪಾದಕರು. ದನಿಯಲ್ಲಿ ಕೋಪಕ್ಕಿಂತ ಆಯಾಸವೇ ಹೆಚ್ಚು.

‘ನಿಮ್ಮ ಪತ್ರಿಕೆ, ನಿಮ್ಮಿಷ್ಟ. ಅವಳು ನಮ್ಮೋಳು ಸಾರೇ, ಕೊಡಲ್ಲ.’

ಫೋನು ನಿಲ್ಲುತ್ತದೆ. ಇಷ್ಟು ವರ್ಷದ ಜಾಗ ಎರಡು ಮಾತಿನಲ್ಲಿ ಹೋಯಿತು. ಶೋಶಾಮ್ಮನ ಕಣ್ಣು ತುಂಬಿದೆ, ಹೊಗೆಯೆಂದು ಹೇಳಿ ಸೆರಗಿನಿಂದ ಒರೆಸಿಕೊಳ್ಳುತ್ತಾಳೆ. ಯಾರೂ ನಂಬುವುದಿಲ್ಲ.

ಮೊದಲು ಬಾಯಿಬಿಡುವವಳು ವಿಲಾಸಿನಿ. ‘ಅವನು ನಿಲ್ಸ್ತಾನೋ ಬಿಡ್ತಾನೋ, ನಂಗಿಷ್ಟು ಹೇಳು. ಆ ದೋಣಿಯೋನ ಜೊತೆ ಅವಳ ಮದುವೆ ಆಗುತ್ತೋ ಇಲ್ವೋ?’

ಡಾಕ್ಟರು, ಕಾರು ಬೇಕೆಂದಿದ್ದವಳು ಇವಳೇ. ಶೋಶಾಮ್ಮ ಅವಳನ್ನೇ ನೋಡುತ್ತಾಳೆ, ಆಮೇಲೆ ಗಟ್ಟಿಯಾಗಿ ನಗುತ್ತಾಳೆ.

‘ಆಗದೇ ಏನೇ? ಆ ತೋಟದ ಮನೆಯೋರ ಹದಿನೇಳು ಹೆಣ್ಮಕ್ಕಳಿಗೆ ನಾನೇ ಮುಂದೆ ನಿಂತು ಮದುವೆ ಮಾಡ್ಸಿದೀನಿ. ನಮ್ಮೋಳ ಮದುವೆಗೆ ಕೋಟ್ಟಯಂನೋರ ಅಪ್ಪಣೆ ಬೇಕಾ? ಇಲ್ಲೇ, ಈ ಒಲೆ ಮುಂದೇನೇ ಮಾಡ್ತೀನಿ. ಕೇಳೋಕೆ ನೀವಿದ್ದೀರಲ್ಲ, ಸಾಕು.’