ಆಡಿದ ಗಂಟೆಗಳು

ಕಂಪ್ಯೂಟರಿನಲ್ಲಿ ಆಡುವ ಆಟಗಳ ಪುಟದಲ್ಲಿ ಒಂದು ಸಣ್ಣ ಏರ್ಪಾಡಿದೆ. ಆಡಿದವರು ಅಲ್ಲಿ ತಮ್ಮ ಅಭಿಪ್ರಾಯ ಬರೆದರೆ, ಅವರು ಆ ಆಟವನ್ನು ಒಟ್ಟು ಎಷ್ಟು ಗಂಟೆ ಆಡಿದ್ದಾರೆ ಎಂಬುದು ಅವರ ಅಪ್ಪಣೆಗೆ ಕಾಯದೆ ಪಕ್ಕದಲ್ಲೇ ಮೂಡುತ್ತದೆ. ‘ಇಷ್ಟು ನೀರಸವಾದ ಆಟವನ್ನು ನಾನು ಕಂಡಿಲ್ಲ, ಯಾರೂ ಇದರ ತಂಟೆಗೆ ಹೋಗಬೇಡಿ’ ಎಂದು ಒಬ್ಬ ಮಹಾಶಯ ಬರೆದಿದ್ದ. ಪಕ್ಕದಲ್ಲಿ ಎರಡು ಸಾವಿರದ ನೂರು ಗಂಟೆ. ‘ಅದ್ಭುತ, ಅಮೋಘ, ನನ್ನ ಜೀವನವೇ ಬದಲಾಯಿತು’ ಎಂದವನದು ನಲವತ್ತು ನಿಮಿಷ.

ಈ ಏರ್ಪಾಡು ಲೋಕದ ಉಳಿದ ಅಭಿಪ್ರಾಯಗಳಿಗೂ ಇದ್ದಿದ್ದರೆ ಎಷ್ಟು ಚೆನ್ನಾಗಿರುತ್ತಿತ್ತು ಎಂದು ನನಗೆ ಹಲವು ಸಲ ಅನ್ನಿಸಿದೆ. ‘ಸಂಸ್ಕೃತ ಬಹಳ ಕಷ್ಟ’ ಎಂದು ನನ್ನೆದುರಿಗೇ ತೀರ್ಪು ಕೊಡುವ ಸಜ್ಜನರ ಪಕ್ಕದಲ್ಲಿ ಸೊನ್ನೆ ಗಂಟೆ ಎಂದು ಮೂಡಿದ್ದರೆ, ಮೂವತ್ತು ವರ್ಷ ಶಿವಮೊಗ್ಗದ ಕಾಲೇಜೊಂದರಲ್ಲಿ ಆ ಭಾಷೆಯನ್ನು ಕಲಿಸಿದ ನನಗೆ ಎಷ್ಟೋ ವಾಗ್ವಾದ ತಪ್ಪುತ್ತಿತ್ತು. ನಮ್ಮ ಕಾಲೇಜಿನ ಕ್ಯಾಂಟೀನಿನ ಇಡ್ಲಿಯನ್ನು ‘ಮನುಷ್ಯರು ತಿನ್ನುವಂಥದ್ದಲ್ಲ’ ಎಂದು ದಿನವೂ ಘೋಷಿಸುತ್ತಿದ್ದ ಸಹೋದ್ಯೋಗಿಯೊಬ್ಬರು ಅದನ್ನೇ ಇಪ್ಪತ್ತಾರು ವರ್ಷ ತಿಂದು ನಿವೃತ್ತರಾದರು. ಅವರ ಬೀಳ್ಕೊಡುಗೆಗೆ ಹೊರಗಿನಿಂದ ಊಟ ತರಿಸಿದೆವು. ಅವರು ಇಡ್ಲಿ ಕೇಳಿದರು.

ಪರರ ಅಭಿಪ್ರಾಯ ಓದುವುದು ನನ್ನ ದೌರ್ಬಲ್ಯ. ಒಂದು ಕುಕ್ಕರಿನ ಗ್ಯಾಸ್ಕೆಟ್ ಕೊಳ್ಳಬೇಕಾದರೂ ನೂರಿನ್ನೂರು ಅಪರಿಚಿತರ ಸುಖದುಃಖಗಳನ್ನು ಓದಿಯೇ ಕೊಳ್ಳುವವಳು ನಾನು. ಉತ್ತರಪತ್ರಿಕೆ ತಿದ್ದಿ ತಿದ್ದಿ ಅಂಟಿಕೊಂಡ ಚಾಳಿ ಇರಬೇಕು. ಬರೆದದ್ದು ಕಂಡರೆ ಓದಿ ಮುಗಿಸದೆ ಸಮಾಧಾನವಿಲ್ಲ. ಆದರೆ ನಾನಾಗಿ ಒಂದು ಅಭಿಪ್ರಾಯವನ್ನೂ ಎಂದೂ ಬರೆದವಳಲ್ಲ. ಎಲ್ಲರ ಮನೆಯ ಊಟ ಉಂಡು ಯಾರನ್ನೂ ಊಟಕ್ಕೆ ಕರೆಯದವರಂತೆ ಇದ್ದೆ.

ಆಟದ ಗಂಧಗಾಳಿಯಿಲ್ಲದ ನಾನು ಇಂಥ ಪುಟಕ್ಕೆ ಬಂದದ್ದು ಭದ್ರಾವತಿಯಿಂದ ಬಂದ ಅಕ್ಕನ ಒಂದು ಫೋನಿನಿಂದ. ಭಾವನ ಪಿತ್ತಕೋಶದಲ್ಲಿ ಕಲ್ಲುಗಳಾಗಿದ್ದವು. ಎರಡು ಸಲ ಹೊಟ್ಟೆನೋವು ಬಂದು ನೆಲಕ್ಕೆ ಕೂತಿದ್ದರು. ತಡಮಾಡಿದರೆ ಒಳಗೆ ಕೀವಾಗಿ ಪ್ರಾಣಕ್ಕೇ ಸಂಚಕಾರ ಬರಬಹುದೆಂದು ಶಿವಮೊಗ್ಗದ ಡಾಕ್ಟರು ಶಸ್ತ್ರಚಿಕಿತ್ಸೆಗೆ ದಿನ ಕೊಟ್ಟಿದ್ದರು. ಆ ದಿನ ಭಾವ ಹೋಗಲಿಲ್ಲ. ಇನ್ನೊಂದು ದಿನ ಕೊಟ್ಟರು, ಅಂದೂ ಹೋಗಲಿಲ್ಲ.

“ಕೇಳಿದ್ರೆ ಫಸ್ಟ್ ಶಿಫ್ಟ್ ಇದೆ ಅಂತಾರೆ ಕಣೆ ಶಾರದಾ,” ಎಂದಳು ಅಕ್ಕ. “ರಿಟೈರಾಗಿ ನಾಲ್ಕು ವರ್ಷ ಆಯ್ತು, ಯಾವ ಶಿಫ್ಟೇ? ಬೆಳಗ್ಗೆ ಆರಕ್ಕೆ ಕಂಪ್ಯೂಟರ್ ಮುಂದೆ ಕೂತ್ರೆ ಊಟಕ್ಕೆ ಕರೆದ್ರೂ ಏಳಲ್ಲ. ಅದೇನು ಆಟ ಅಂತ ನೀನಾದ್ರೂ ನೋಡು ಮಾರಾಯ್ತಿ. ತಲೆ ಕೆಡಿಸೋ ಆಟ ಇರ್ಬೇಕು.”

ನಮ್ಮ ಭಾವ ಮಿತಭಾಷಿ. ಭದ್ರಾವತಿಯ ಕಾರ್ಖಾನೆಯೊಂದರಲ್ಲಿ ಮೂವತ್ತೊಂದು ವರ್ಷ ಲೋಹ ಕರಗಿಸುವ ಕುಲುಮೆಯ ಮುಂದೆ ದುಡಿದವರು. ಅವರು ಅದನ್ನು ಫರ್ನೇಸ್ ಎನ್ನುತ್ತಾರೆ, ನಾನು ಅಭ್ಯಾಸಬಲದಿಂದ ಕುಲುಮೆ ಎನ್ನುತ್ತೇನೆ, ಬಿಸಿ ಒಂದೇ. ಅವರ ವಿಭಾಗ ನಿಂತು ಮನೆಗೆ ಬಂದಮೇಲೆ ಮೊದಲಿದ್ದ ಮಾತೂ ನಿಂತಿತ್ತು. ಹೀಗಿರುವಾಗ ಅಕ್ಕನ ಮಗಳು ಮದುವೆಯಾಗಿ ಹೋಗುವಾಗ ಬಿಟ್ಟುಹೋದ ಕಂಪ್ಯೂಟರಿನಲ್ಲಿ ಅವರಿಗೆ ಈ ಆಟ ಸಿಕ್ಕಿತು. ಮುಂದಿನ ಯಾವುದೋ ಶತಮಾನ. ಭೂಮಿ ಎಲ್ಲೋ ಹಿಂದೆ ಉಳಿದಿದೆ. ದೇಶದೇಶಗಳ ಜನ ಏಕಕಾಲಕ್ಕೆ ಒಂದೇ ಆಕಾಶದಲ್ಲಿ ಹಡಗು ನಡೆಸುತ್ತಾರೆ, ತೇಲುವ ಬಂಡೆಗಳನ್ನು ಅಗೆಯುತ್ತಾರೆ, ವ್ಯಾಪಾರ ಮಾಡುತ್ತಾರೆ, ಜಗಳವಾಡುತ್ತಾರೆ. ಕನ್ನಡಿಗರದೇ ಒಂದು ತಂಡವಿದೆ, ಅದಕ್ಕೊಂದು ಗಗನನಿಲ್ದಾಣವಿದೆ, ಅಲ್ಲೊಂದು ಕುಲುಮೆಯಿದೆ. ಶಿವಮೊಗ್ಗದ ಪಕ್ಕದ ಸೋಗಾನೆಗೆ ಮೊದಲ ವಿಮಾನ ಬಂದಾಗ ನೋಡಲಿಕ್ಕೂ ಹೋಗದ ನಮ್ಮ ಭಾವ ಮೂರು ನಕ್ಷತ್ರಮಂಡಲ ದಾಟಿ ಆ ಕುಲುಮೆಯ ಮುಂದೆ ಕುಳಿತಿದ್ದರು. ಹೊಟ್ಟೆಯೊಳಗೆ ಕಲ್ಲಿಟ್ಟುಕೊಂಡು ಆಕಾಶದ ಕಲ್ಲು ಕರಗಿಸುತ್ತಿದ್ದರು.

ನಾನು ಕನ್ನಡಕ ಒರೆಸಿಕೊಂಡು ಅಭಿಪ್ರಾಯಗಳಿಗೆ ಕೂತೆ. ಆಟದ ಹೆಸರು ನಿಮಗೆ ಹೇಳುವುದಿಲ್ಲ. ಹೇಳಿದರೆ ನೀವೂ ಓದಲು ಹೋಗುತ್ತೀರಿ, ಆಮೇಲೆ ನಿಮ್ಮ ಮನೆಯ ಒಲೆಯ ಮೇಲಿನ ಹಾಲು ಉಕ್ಕಿದ್ದಕ್ಕೆ ನಾನು ಹೊಣೆಯಾಗುತ್ತೇನೆ. ಒಬ್ಬ, ಈ ಆಟದಲ್ಲಿ ಯುದ್ಧವೇ ಇಲ್ಲ ಎಂದು ಮುನಿಸಿಕೊಂಡಿದ್ದ. ಇನ್ನೊಬ್ಬ, ಬರೀ ಯುದ್ಧವೇ ಎಂದು ಅತ್ತಿದ್ದ. ಇದರಿಂದ ನನ್ನ ಪರೀಕ್ಷೆ ಹೋಯಿತು ಎಂದೊಬ್ಬ. ಇದರಿಂದ ನನಗೆ ಹೆಂಡತಿ ಸಿಕ್ಕಿದಳು ಎಂದು ಮತ್ತೊಬ್ಬ, ಅದು ದೂರೋ ಶಿಫಾರಸೋ ತಿಳಿಯದಂತೆ, ಬರೆದಿದ್ದ. ‘ಒಮ್ಮೆ ಹಿಡಿದರೆ ಬಿಡುವುದಿಲ್ಲ’ ಎಂಬ ಸಾಲು ಓದಿದಾಗ ಮಾತ್ರ ನನಗೆ ನಿಜವಾಗಿ ಭಯವಾಯಿತು. ಭಾವನಿಗೆ ಚಟ ಹತ್ತಿದೆ, ಚಟದಿಂದಲೇ ಸಾಯುತ್ತಾರೆ, ಅಕ್ಕ ಒಬ್ಬಳಾಗುತ್ತಾಳೆ ಎಂದು ಮನಸ್ಸು ಕ್ಷಣಾರ್ಧದಲ್ಲಿ ತಿಥಿಯವರೆಗೆ ಹೋಗಿ ಬಂತು.

ಆಗ ಕಂಡಿತು ಇಂಗ್ಲಿಷ್ ಅಕ್ಷರಗಳಲ್ಲಿ ಬರೆದ ಒಂದು ಕನ್ನಡ ಅಭಿಪ್ರಾಯ. ಬರೆದವಳು ತನ್ನನ್ನು ಮಿಡತೆ ಎಂದು ಕರೆದುಕೊಂಡಿದ್ದಳು, ಶಂಕರಘಟ್ಟದ ವಿಶ್ವವಿದ್ಯಾಲಯದಲ್ಲಿ ಎಂ.ಎಸ್ಸಿ. ಓದುವ ಹುಡುಗಿ ಎಂದು ಆಮೇಲೆ ತಿಳಿಯಿತು. “ಆಟ ತುಂಬಾ ಬೋರು. ಫರ್ನೇಸ್ ತಾನಾಗೇ ಉರಿಯುತ್ತೆ, ಯಾರೂ ಕೂರಬೇಕಾಗಿಲ್ಲ. ಆದ್ರೆ ನಮ್ಮ ಟೀಮಲ್ಲಿ ಭದ್ರಾವತಿ ಅಂಕಲ್ ಒಬ್ರಿದಾರೆ. ಅವರಿಗೆ ಮಾತ್ರ ಇದು ಗೊತ್ತಿಲ್ಲ, ನಾವ್ಯಾರೂ ಹೇಳಿಲ್ಲ. ಮಧ್ಯಾಹ್ನ ಎರಡಕ್ಕೆ ರಿಲೀವರ್ ಬಂದು ಚಾರ್ಜ್ ತಗೊಳ್ಳೋವರೆಗೂ ಏಳಲ್ಲ. ಅದಕ್ಕೇ ದಿನಾ ನಾನು ಹೋಗ್ತೀನಿ. ಈಗ ಎಕ್ಸಾಮು, ಒಂದು ತಿಂಗಳು ಬರಕ್ಕಾಗಲ್ಲ. ಪಾಪ ಅಂಕಲ್.” ಪಕ್ಕದಲ್ಲಿ ಒಂಬೈನೂರು ಗಂಟೆ.

ನನಗೆ ಎಷ್ಟು ಹಗುರವಾಯಿತೆಂದರೆ ಎದ್ದು ಒಂದು ಲೋಟ ಕಾಫಿ ಮಾಡಿಕೊಂಡೆ. ಚಟವಲ್ಲ! ಕಾರ್ಖಾನೆಯ ಕಟ್ಟಳೆ. ಮುಂದಿನ ಪಾಳಿಯವನು ಎದುರಿಗೆ ಬಂದು ನಿಂತು, ಹೋಗುವವನ ಮಾತನ್ನು ಕೇಳಿ, ‘ನಾನು ನೋಡ್ಕೊಳ್ತೀನಿ’ ಎನ್ನುವವರೆಗೆ ಕುಲುಮೆಯ ಮುಂದಿನಿಂದ ಕದಲುವಂತಿಲ್ಲ. ಆ ಕಟ್ಟಳೆಯನ್ನು ಭಾವ ನಕ್ಷತ್ರಲೋಕಕ್ಕೂ ಹೊತ್ತುಕೊಂಡು ಹೋಗಿದ್ದರು. ಬದಲಿಯವಳಿಗೆ ಪರೀಕ್ಷೆ, ಹಾಗಾಗಿ ಇವರಿಗೆ ಬಿಡುಗಡೆಯಿಲ್ಲ. ಕುಲುಮೆಗೆ ಯಾರೂ ಬೇಡವೆಂದು ತಿಳಿಸಿಬಿಟ್ಟರೆ ಮಾರನೆಯ ದಿನವೇ ಆಸ್ಪತ್ರೆಗೆ ಹೊರಡುತ್ತಾರೆ ಎಂದುಕೊಂಡು, ಪ್ರಮಾಣವಾಕ್ಯವನ್ನು ಹೊತ್ತ ಪಂಡಿತೆಯ ಹಾಗೆ ಬೆಳಗಿನ ಭದ್ರಾವತಿ ಬಸ್ಸು ಹತ್ತಿದೆ.

ಭಾವ ಪರದೆಯಿಂದ ಕಣ್ಣು ತೆಗೆಯದೆ ನನ್ನ ವಾದವನ್ನೆಲ್ಲ ಕೇಳಿದರು. ಆಮೇಲೆ, “ಗೊತ್ತು,” ಎಂದರು.

“ಗೊತ್ತಾ?”

“ಮೊದಲನೇ ವಾರವೇ ಗೊತ್ತಾಯ್ತು. ಮೂವತ್ತೊಂದು ವರ್ಷ ಫರ್ನೇಸ್ ನೋಡಿದೋನಿಗೆ ಯಾವುದು ತಾನಾಗಿ ಉರಿಯುತ್ತೆ ಅಂತ ತಿಳಿಯಲ್ವಾ? ಆ ಹುಡುಗರು ನನಗೆ ಬೇಜಾರಾಗ್ಬಾರ್ದು ಅಂತ ಹೇಳಿಲ್ಲ. ಅವರಿಗೆ ಬೇಜಾರಾಗುತ್ತೆ ಅಂತ ನಾನೂ ಹೇಳಿಲ್ಲ.”

ನನ್ನ ಪ್ರಮಾಣವಾಕ್ಯ ಮುದುರಿ ಚೀಲ ಸೇರಿತು. ಹಾಗಾದರೆ ಏಳಲಿಕ್ಕೇನು ಅಡ್ಡಿ ಎಂದೆ. ಭಾವ ಕುರ್ಚಿಯನ್ನು ನನ್ನ ಕಡೆಗೆ ತಿರುಗಿಸಿದರು. ಬಳಿಕ, ನಾನು ಅವರ ಬಾಯಿಂದ ಅದುವರೆಗೆ ಕೇಳಿದ ಎಲ್ಲ ಮಾತಿಗಿಂತ ಹೆಚ್ಚು ಮಾತನ್ನು ಒಟ್ಟಿಗೆ ಆಡಿದರು. ಕಾರ್ಖಾನೆಯಲ್ಲಿ ಅವರ ನಂತರದ ಪಾಳಿ ಸೆಲ್ವಂ ಎಂಬುವರದು. ದಿನವೂ ಎರಡು ಗಂಟೆಗೆ ಬಂದು, ‘ಎಪ್ಪಡಿ ಇರುಕ್ಕು?’ ಎಂದು ತಮಿಳಿನಲ್ಲಿ ಹೇಗಿದೆಯೆಂದು ಕೇಳುವುದು. ಇವರು ಕನ್ನಡದಲ್ಲಿ, ಒಳಗೆ ಏನಿದೆ, ಏನು ಕೆಟ್ಟಿದೆ, ಯಾವುದರ ಮೇಲೆ ಕಣ್ಣಿಡಬೇಕು ಎಂದು ಮೂರು ವಿಷಯ ಹೇಳುವುದು. ವಿಭಾಗ ನಿಂತ ದಿನ ಎರಡು ಗಂಟೆಯಾಯಿತು. ಮುಂದಿನ ಪಾಳಿಯೇ ಇರಲಿಲ್ಲವಾದ್ದರಿಂದ ಯಾರೂ ಬರಬೇಕಾಗಿರಲಿಲ್ಲ. ಅದು ಗೊತ್ತಿದ್ದೂ ಭಾವ ಮೂರೂವರೆಯವರೆಗೆ ಕಾದರು. ಕೊನೆಗೆ ರಿಜಿಸ್ಟರನ್ನು ಮೇಜಿನ ಮೇಲಿಟ್ಟು ಎದ್ದುಬಂದರು.

“ಯಾರಿಗೂ ಹೇಳದೆ ಎದ್ದುಬಂದೆ ಶಾರದಾ. ಇನ್ನೊಂದ್ಸಲ ಹಾಗೆ ಏಳಕ್ಕೆ ನನ್ನಿಂದ ಆಗಲ್ಲ. ಅದೂ ಮಂಪರು ಕೊಡೋ ಆಪರೇಷನ್ನಿಗೆ.”

ಅವರಿಗೆ ಭಯವಾಗಿತ್ತು, ಅಷ್ಟೇ. ಗಂಡಸರ ಭಯ ಎಷ್ಟು ಬಗೆಯ ಕಾರಣಗಳ ಹಿಂದೆ ಅಡಗಿರುತ್ತದೆಂದು ತಿಳಿದೂ ನಾನು ಅದನ್ನು ಅಂತರ್ಜಾಲದಲ್ಲಿ ಹುಡುಕಿದ್ದೆ. ನನಗೆ ನಾಚಿಕೆಯಾಯಿತು, ಅವರ ಮೇಲೆ ತುಂಬ ಪ್ರೀತಿಯೂ ಬಂತು. “ನಾನು ಬರ್ತೀನಿ ರಿಲೀವರ್ ಆಗಿ. ಕಲಿಸಿ ಭಾವ,” ಎಂದೆ. ಅಡಿಗೆಮನೆಯಿಂದ ಅಕ್ಕ, “ಹುಚ್ಚು ಬಿಡಿಸು ಅಂತ ಕರೆದ್ರೆ ಇವಳೂ ಸೇರ್ಕೊಂಡ್ಳು,” ಎಂದದ್ದು ಕೇಳಿಸಿತು.

ನನ್ನದೇ ಹೆಸರಿನಲ್ಲೊಂದು ಖಾತೆ ತೆರೆದು ಮೂರು ದಿನ ನನಗೆ ತರಬೇತಿ ನಡೆಯಿತು. ವಿದ್ಯಾರ್ಥಿಗಳ ಕಷ್ಟ ಮೂವತ್ತು ವರ್ಷ ಪಾಠ ಹೇಳಿದಾಗ ತಿಳಿದದ್ದಕ್ಕಿಂತ ಹೆಚ್ಚಾಗಿ ಈ ಮೂರು ದಿನದಲ್ಲಿ ತಿಳಿಯಿತು. ನನ್ನ ಹಡಗು ನಿಲ್ದಾಣದ ಗೋಡೆಗೆ ಎಷ್ಟು ಸಲ ಗುದ್ದಿತೆಂದು ಹೇಳಲಾರೆ. ತಂಡದವರು ಸೌಜನ್ಯದಿಂದ ಎಣಿಸಲಿಲ್ಲ. ಡಾಕ್ಟರು ಶಸ್ತ್ರಚಿಕಿತ್ಸೆಗೆ ಮೂರನೆಯ ಸಲ ದಿನ ಗೊತ್ತುಮಾಡಿದರು. ಆ ಬೆಳಗ್ಗೆ ಭಾವ ಒಗೆದ ಅಂಗಿ ತೊಟ್ಟು, ಚೀಲ ಕೆಳಗಿಟ್ಟು, ಕಂಪ್ಯೂಟರಿನ ಪಕ್ಕ ನೆಟ್ಟಗೆ ನಿಂತು ನನಗೆ ಚಾರ್ಜ್ ಕೊಟ್ಟರು. ಒಳಗೆ ನಾಲ್ಕು ತೊಟ್ಟಿ ಅದಿರು ಇದೆ. ಎಡಗಡೆಯ ಬಾಗಿಲು ನಿಧಾನವಾಗಿ ತೆರೆಯುತ್ತದೆ. ಹಳದಿ ದೀಪದ ಮೇಲೆ ಕಣ್ಣಿರಲಿ. ನಾನು ಮೂರನ್ನೂ ಪಾಠದಂತೆ ತಿರುಗಿ ಒಪ್ಪಿಸಿದೆ. ಗೇಟಿನವರೆಗೆ ಹೋದವರು ಆಟೋ ಹತ್ತದೆ ತಿರುಗಿ ಬಂದರು.

“ಇನ್ನೊಂದು. ನಿಮ್ಮಕ್ಕ ಆಸ್ಪತ್ರೇಲಿ ಊಟ ಬಿಡ್ತಾಳೆ. ಫೋನ್ ಮಾಡಿ ಕೇಳ್ತಿರು. ನನಗೇನಾದ್ರೂ ಆದ್ರೆ ಅವಳನ್ನ...”

“ನಾನು ನೋಡ್ಕೊಳ್ತೀನಿ,” ಎಂದೆ. ಭಾವ ತಲೆಯಾಡಿಸಿ ಹೋಗಿ ಆಟೋದಲ್ಲಿ ಕೂತರು.

ಅಂದು ನಾನು ಆ ಕುರ್ಚಿಯಲ್ಲಿ ಕೂತ ಹಾಗೆ ಎಂದೂ ಎಲ್ಲೂ ಕೂತವಳಲ್ಲ. ಕುಲುಮೆಗೆ ನನ್ನ ಅಗತ್ಯವಿಲ್ಲವೆಂದು ನನಗೆ ಗೊತ್ತು, ಭಾವನಿಗೆ ಗೊತ್ತು, ತಂಡಕ್ಕೆಲ್ಲ ಗೊತ್ತು. ಆದರೂ ಹಳದಿ ದೀಪದಿಂದ ಕಣ್ಣು ಕಿತ್ತರೆ ಶಿವಮೊಗ್ಗದಲ್ಲಿ ಏನೋ ತಪ್ಪಿಬಿಡುತ್ತದೆ ಎಂಬ ಭಾವನೆ. ತರ್ಕಶಾಸ್ತ್ರ ಓದಿದವಳು ನಾನು; ಆದರೂ ನೀರು ಕುಡಿಯಲೂ ಏಳಲಿಲ್ಲ. ಹನ್ನೊಂದಾಯಿತು, ಹನ್ನೆರಡಾಯಿತು. ಯಾರದೋ ಹಡಗು ಬಂದು ಅದಿರು ಸುರಿದು ಹೋಯಿತು. ಹನ್ನೆರಡೂಮುಕ್ಕಾಲಿಗೆ ಫೋನು ಬಂತು.

“ಆಯ್ತು ಕಣೆ. ಎಲ್ಲ ತೆಗೆದ್ರಂತೆ. ಎಚ್ಚರವಾಗಿದಾರೆ, ಮಾತಾಡಿದ್ರು.” ಅಕ್ಕ ಅಳುತ್ತಿದ್ದಳು, ಬೈಯುತ್ತಲೂ ಇದ್ದಳು. “ಕಣ್ಣು ಬಿಟ್ಟು ಮೊದಲು ಕೇಳಿದ್ದು ಏನು ಗೊತ್ತಾ? ನೀನು ಊಟ ಮಾಡಿದ್ಯಾ ಅಂತ. ಮೂವತ್ನಾಲ್ಕು ವರ್ಷದಲ್ಲಿ ಮೊದಲನೇ ಸಲ ಕೇಳಿದ್ದು, ಅದೂ ಅರೆ ಮಂಪರಲ್ಲಿ. ಇಂಥವರ ಜೊತೆ ಏಗಕ್ಕಾಗಲ್ಲ ಮಾರಾಯ್ತಿ, ಯಾರಿಗೂ ಬೇಡ ಈ ಪಾಡು.”

ನಾನೂ ಅತ್ತೆ. ಆಮೇಲೆ ಒಂದೊಂದೇ ಅಕ್ಷರ ಒತ್ತಿ, ‘ಅಂಕಲ್ ಚೆನ್ನಾಗಿದ್ದಾರೆ’ ಎಂದು ತಂಡಕ್ಕೆ ಬರೆದೆ. ಸ್ವಲ್ಪ ಹೊತ್ತಿಗೆ ಎಲ್ಲೆಲ್ಲೋ ಇದ್ದ ಹಡಗುಗಳೆಲ್ಲ ನಿಲ್ದಾಣದ ಸುತ್ತ ಬಂದು ನಿಂತು ದೀಪ ಹಾಕಿ ಆರಿಸಿ, ಹಾಕಿ ಆರಿಸಿ ಮಾಡಿದವು. ಪರೀಕ್ಷೆಯ ನಡುವೆ ಮಿಡತೆಯೂ ಬಂದು ಒಂದು ಸಲ ದೀಪ ಹಾಕಿ ಓದಲು ಓಡಿಹೋದಳು.

ನಾಲ್ಕನೆಯ ದಿನ ಭಾವ ಮನೆಗೆ ಬಂದರು. ಮಲಗಿ ಎಂದರೆ ಕೇಳದೆ, ಗೋಡೆ ಹಿಡಿದುಕೊಂಡು ಮೆಲ್ಲನೆ ನನ್ನ ಕುರ್ಚಿಯ ಪಕ್ಕಕ್ಕೆ ಬಂದು ನಿಂತರು. ಗಡಿಯಾರದಲ್ಲಿ ಎರಡು ಗಂಟೆ. ಅವರ ಮುಖ ಸೊರಗಿತ್ತು. ಕಣ್ಣಿನಲ್ಲಿ ಮಾತ್ರ ತುಂಟತನ.

“ಎಪ್ಪಡಿ ಇರುಕ್ಕು?” ಎಂದರು.

ನಾನು ಎದ್ದು ನಿಂತು ಹೇಳಿದೆ. ಒಳಗೆ ಎರಡು ತೊಟ್ಟಿ ಅದಿರು ಇದೆ. ಎಡಗಡೆಯ ಬಾಗಿಲು ಈಗ ತೆರೆಯುವುದೇ ಇಲ್ಲ, ಅದಕ್ಕೆ ನನ್ನ ಹಡಗು ಕಾರಣ. ಹಳದಿ ದೀಪ ಚೆನ್ನಾಗಿದೆ. ಅಕ್ಕ ಊಟ ಮಾಡಿದ್ದಾಳೆ. ಭಾವ ಎಲ್ಲವನ್ನೂ ಗಂಭೀರವಾಗಿ ಕೇಳಿ, “ನಾನು ನೋಡ್ಕೊಳ್ತೀನಿ, ನೀನು ಹೊರಡು,” ಎಂದರು. ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತು ಶಿವಮೊಗ್ಗದವರೆಗೂ ನಿದ್ದೆ ಮಾಡಿದೆ. ನಾಲ್ಕು ದಿನದ ಮೇಲೆ ಬಂದ ನಿದ್ದೆ.

ಮನೆಗೆ ಬಂದ ಮೇಲೆ ಆಯುಷ್ಯದಲ್ಲಿ ಮೊದಲ ಸಲ ಒಂದು ಅಭಿಪ್ರಾಯ ಬರೆಯಲು ಕೂತೆ. ಆಟದ ಬಗ್ಗೆ ಇದ್ದದ್ದರಲ್ಲಿ ಅತ್ಯಂತ ಉಪಯುಕ್ತವಾದ ಮಾಹಿತಿ, ಅಂದರೆ ಭದ್ರಾವತಿ ಅಂಕಲ್‌ಗೆ ಎಲ್ಲವೂ ಗೊತ್ತಿದೆ ಎಂಬುದು, ಈಗ ನನ್ನ ಬಳಿ ಇತ್ತು. ಅದನ್ನು ಬರೆಯಲಿಲ್ಲ. ನಿಮಗೆ ಹೇಳಿದ್ದೇನೆ, ಮಿಡತೆ ಸಿಕ್ಕರೆ ದಯಮಾಡಿ ನೀವೂ ಹೇಳಬೇಡಿ. ಬಹಳ ಯೋಚಿಸಿ, ‘ಆಟ ತುಂಬ ಬೋರು, ಕಣ್ಣು ನೋಯುತ್ತದೆ, ಬಾಗಿಲುಗಳು ಗಟ್ಟಿಯಿಲ್ಲ, ಇಂಥದ್ದರ ಜೊತೆ ಏಗಲಿಕ್ಕಾಗುವುದಿಲ್ಲ’ ಎಂದಷ್ಟೇ ಬರೆದು ಒತ್ತಿದೆ. ನನ್ನನ್ನು ಕೇಳದೆ ಪಕ್ಕದಲ್ಲಿ ಮೂಡಿತು: ನಲವತ್ತಾರು ಗಂಟೆ.