ನನಗ ತಿಳೀಲಿಲ್ಲ ಅಂದ ಅಕ್ಕೋರು

ರೆಹಮತ್‌ಬಿ ಅಕ್ಕೋರ ಮನೆಯಲ್ಲಿ ಇರುವುದು ಒಂದೇ ಕುರ್ಚಿ. ಎರಡೂ ಬದಿಗೆ ಕೈಯಿರುವ, ಹಳೇ ಕಾಲದ ಮಾಸ್ತರರ ಕುರ್ಚಿ. ಸರಕಾರಿ ಕನ್ನಡ ಶಾಲೆಗಳಲ್ಲಿ ಮೂವತ್ತಾರು ವರ್ಷ ಕಲಿಸಿ ನಿವೃತ್ತರಾದಾಗ, ನೆನಪಿಗೆ ಏನು ಕೊಡೋಣ ಎಂದು ಜೊತೆಯವರು ಕೇಳಿದರೆ, ಕೈ ಮುರಿದು ಮೂಲೆಗೆ ಬಿದ್ದಿದ್ದ ಈ ಕುರ್ಚಿಯನ್ನು ಕೇಳಿ ತಂದರಂತೆ. ಹೊಲಿಗೆ ಮಶೀನು ರಿಪೇರಿ ಮಾಡುವ ಅವರ ತಮ್ಮ ಗುಲಾಬಸಾಬ ಅದಕ್ಕೆ ಮೊಳೆ ಹೊಡೆದುಕೊಟ್ಟ. ಆದರೆ ಅಕ್ಕೋರು ಅದರಲ್ಲಿ ಕೂತದ್ದನ್ನು ನಾನು ಒಂದು ದಿನವೂ ನೋಡಲಿಲ್ಲ. ಕಲಿಯಲು ಬಂದ ಮಗು ಕುರ್ಚಿಯಲ್ಲಿ, ಅಕ್ಕೋರು ಕೆಳಗೆ ಚಾಪೆಯ ಮೇಲೆ.

ಮೊದಲ ದಿನ ಇದನ್ನು ನೋಡಿದಾಗಲೇ ನನಗೆ ಸರಿ ಬರಲಿಲ್ಲ.

ನನ್ನ ಮಗಳು ಋತುಜಾ ಆಗ ಐದನೆಯ ತರಗತಿ. ಆರನೆಯದಕ್ಕೆ ಅವಳನ್ನು ವಸತಿ ಶಾಲೆಗೆ ಸೇರಿಸಬೇಕೆಂಬುದು ನನ್ನ ಹಟ. ಆ ಪ್ರವೇಶ ಪರೀಕ್ಷೆಯನ್ನು ಐದನೆಯದರಲ್ಲಿದ್ದಾಗ ಒಂದೇ ಸಲ ಬರೆಯಬಹುದು. ಸಿಕ್ಕರೆ ಸಿಕ್ಕಿತು, ಇಲ್ಲದಿದ್ದರೆ ಆ ಬಾಗಿಲು ಮುಚ್ಚಿದಂತೆಯೇ. ವಿದ್ಯಾನಗರದ ನಮ್ಮ ಓಣಿಯ ತಾಯಂದಿರ ವಾಟ್ಸಾಪ್ ಗುಂಪಿನಲ್ಲಿ ವರ್ಷವಿಡೀ ಇದೇ ಮಾತು. ಯಾರ ಮಗು ಎಷ್ಟು ಪ್ರಶ್ನೆಪತ್ರಿಕೆ ಬಿಡಿಸಿತು, ಯಾರದು ಎಷ್ಟು ನಿಮಿಷದಲ್ಲಿ ಮುಗಿಯಿತು. ಅದನ್ನು ಓದಿದ ದಿನ ನನಗೆ ಊಟ ಸೇರುತ್ತಿರಲಿಲ್ಲ.

ಅಕ್ಕೋರ ಹೆಸರು ಹೇಳಿದವರು ಕಾವೇರಿ ಮೇಡಂ. ನನ್ನ ಗಂಡ ಅಮರೇಶನಿಗೆ ಧಾರವಾಡದ ಕಾಲೇಜಿನಲ್ಲಿ ಗಣಿತ ಕಲಿಸಿದವರು. "ಕಮರಿಪ್ಯಾಟ್ಯಾಗ ಅದಾರ. ವರ್ಷಕ್ಕ ಒಂದ ಕೂಸಿಗೆ ಕಲಸ್ತಾರ, ಎರಡನೇದು ತಗೋಳ್ಳಂಗಿಲ್ಲ. ಕಾಲು ಬಿದ್ದು ಕೇಳ್ರಿ," ಎಂದಿದ್ದರು. ನಾನು ಕಾಲಿಗೆ ಬೀಳಲಿಲ್ಲ, ಆದರೆ ಕಣ್ಣಲ್ಲಿ ನೀರು ತಂದೆ. ನಮಗಿಂತ ಮೊದಲು ಇಬ್ಬರು ಕೇಳಿಹೋಗಿದ್ದರಂತೆ. ಅಕ್ಕೋರು ಬಹಳ ಹೊತ್ತು ಋತುಜಾಳನ್ನೇ ನೋಡಿ, "ರೊಟ್ಟಿ ತಿಂತೀಯೇನ್ ಬೇಟಾ?" ಎಂದು ಕೇಳಿದರು. ಇವಳು ಹೂಂ ಎಂದು ತಲೆ ಆಡಿಸಿದಳು. "ಹಂಗಾರ ಲೆಕ್ಕ ಬರತೈತಿ ಬಿಡು. ನಾಳೆ ಐದಕ್ಕ ಬಾ," ಎಂದರು. ನನ್ನ ಕಡೆ ತಿರುಗಿ, "ನೀ ಒಳಗ ಬರಬ್ಯಾಡ ತಂಗಿ. ಹೊರಗ ಕಟ್ಟೀ ಮ್ಯಾಲೆ ಕೂಡು. ತಾಯಿ ಕೂತ್ರ ಕೂಸು ತಾಯಿ ಮುಖದಾಗ ಉತ್ತರ ಹುಡುಕತೈತಿ."

ಹೀಗೆ ನಾನು ಕಟ್ಟೆಯ ಮೇಲೆ ಕೂತೆ, ಜೂನ್‌ನಿಂದ ನವೆಂಬರ್‌ವರೆಗೆ. ಕಿಟಕಿ ತಲೆಯ ಮೇಲೇ ಇತ್ತು. ಒಳಗಿನ ಪ್ರತಿ ಮಾತೂ ಕೇಳಿಸುತ್ತಿತ್ತು.

ಅಲ್ಲಿ ಕಲಿಸುತ್ತಿದ್ದವಳು ನನ್ನ ಮಗಳು.

"ಅಕ್ಕೋರೇ, ಮೂರರಾಗ ಎರಡು ಪಾಲು ದೊಡ್ಡದು. ಐದರಾಗ ಮೂರು ಪಾಲು ಸಣ್ಣದು."

"ಅದ್ಹೆಂಗ, ಸಣ್ಣ ಅಕ್ಕೋರೇ?" ಋತುಜಾಳನ್ನು ಅಕ್ಕೋರು ಕರೆಯುತ್ತಿದ್ದುದೇ ಹಾಗೆ. "ಮೂರು ದೊಡ್ದೋ ಎರಡು ದೊಡ್ದೋ? ನನಗ ತಿಳೀಲಿಲ್ಲ."

"ಎರಡೂ ರೊಟ್ಟೀನ ಹದಿನೈದು ತುಂಡು ಮಾಡ್ರಿ. ಇದರಾಗ ಹತ್ತು ಬರ್ತಾವು, ಅದರಾಗ ಒಂಬತ್ತ."

"ಹದಿನೈದ ಯಾಕ? ಇಪ್ಪತ್ತು ಮಾಡಿದ್ರ ಏನ್ ಪೊಲೀಸ್ರು ಹಿಡೀತಾರೇನು?"

ಋತುಜಾ ನಗುತ್ತಿದ್ದಳು. ಆಮೇಲೆ ಸುಮ್ಮನಾಗುತ್ತಿದ್ದಳು. ನಿಮಿಷಗಟ್ಟಲೆ ಸದ್ದಿಲ್ಲ. ಹೊರಗೆ ನಾನು ಆ ನಿಮಿಷಗಳನ್ನು ಎಣಿಸುತ್ತಿದ್ದೆ. ಅಷ್ಟು ಹೊತ್ತಿನಲ್ಲಿ ಬೇರೆ ಮಕ್ಕಳು ಹತ್ತು ಲೆಕ್ಕ ಮುಗಿಸಿರುತ್ತವೆ! ಕೊನೆಗೆ ಅವಳೇ, "ಇಪ್ಪತ್ತನ್ನ ಮೂರು ಸಮ ಪಾಲು ಮಾಡಾಕ ಬರಂಗಿಲ್ರಿ, ಒಂದು ತುಂಡು ಮುರೀಬೇಕಾಗತೈತಿ," ಎನ್ನುವಳು. ಅಕ್ಕೋರು ಆಗಲೂ, "ಇನ್ನೂ ತಿಳೀಲಿಲ್ಲ, ಮತ್ತೊಮ್ಮೆ ಹೇಳು," ಎನ್ನುವರು.

ಮುದುಕಿಗೆ ಲೆಕ್ಕ ಬರುವುದಿಲ್ಲ ಎಂಬ ಅನುಮಾನ ದಸರೆಯ ಹೊತ್ತಿಗೆ ಶುರುವಾಯಿತು. ಅಮರೇಶನಿಗೆ ಹೇಳಿದೆ. "ಮೂವತ್ತಾರು ವರ್ಷ ಕಲಿಸ್ಯಾರ. ನಿನಗ ಅಷ್ಟ ಅನುಮಾನ ಇದ್ರ ಮಾಸ್ತರಿಕಿ ನೀನ ಮಾಡು," ಎಂದು ಅವನು ಚಹಾ ಕುಡಿಯುತ್ತ ಕೂತ.

ನವೆಂಬರ್‌ನಲ್ಲಿ ಒಂದು ಸಂಜೆ ಒಳಗಿನಿಂದ ಈ ಮಾತು ಬಂತು: "ಸೊನ್ನೆ ಪಾಯಿಂಟ್ ಐದು ಸಣ್ದು, ಸೊನ್ನೆ ಪಾಯಿಂಟ್ ನಲವತ್ತೈದು ದೊಡ್ದು. ನಲವತ್ತೈದು ಅಂದ್ರೇನು ಸುಮ್ನಾತೇನು? ನಾ ಹಿಂಗ ತಿಳ್ಕೊಂಡೇನಿ. ಹೌದಿಲ್ಲೋ?"

ಋತುಜಾ ಏನೋ ಹೇಳಲು ಹೊರಟಳು, ತಡವರಿಸಿದಳು. ಅಷ್ಟರಲ್ಲಿ ಆರು ಹೊಡೆಯಿತು. "ನಾಳೆ ಹೇಳೀಯಂತ, ಇವತ್ತು ವಿಚಾರ ಮಾಡು," ಎಂದರು ಅಕ್ಕೋರು.

ಆ ನಾಳೆ ಬರಲಿಲ್ಲ. ಪರೀಕ್ಷೆಗೆ ಎರಡು ತಿಂಗಳಿದೆ, ಕಲಿಸುವವರಿಗೆ ದಶಾಂಶವೇ ಗೊತ್ತಿಲ್ಲ ಎಂದು ರಾತ್ರಿಯೆಲ್ಲ ಹೊರಳಾಡಿ, ಬೆಳಿಗ್ಗೆ ಧಾರವಾಡದ ಒಂದು ಕೋಚಿಂಗ್ ಕ್ಲಾಸಿಗೆ ಹೆಸರು ಹಚ್ಚಿದೆ. ಒಂದು ಹಾಲಿನಲ್ಲಿ ಅರವತ್ತು ಮಕ್ಕಳು, ಸರ್ ಮೈಕು ಹಿಡಿದು ಕಲಿಸುತ್ತಿದ್ದರು. "ತಿಳೀತಾ?" ಎಂದರೆ ಅರವತ್ತೂ ಒಂದೇ ಉಸಿರಿಗೆ "ತಿಳೀತು ಸರ್!" ಆ ಸದ್ದು ಕೇಳಿ ನನಗೆ ಜೀವ ಬಂದಂತಾಯಿತು. ನಾನೂ ಶಾಲೆಯುದ್ದಕ್ಕೂ ಹಾಗೇ ಕೂಗಿದವಳು.

ಅಕ್ಕೋರಿಗೆ ಫೋನ್ ಮಾಡಿ, "ಋತುಜಾಗ ಜ್ವರ ಬಂದೈತ್ರಿ," ಎಂದೆ. "ಹೌದಾ? ಗಂಜಿ ಕುಡಸು, ಲೆಕ್ಕ ಎಲ್ಲೂ ಓಡಿ ಹೋಗಂಗಿಲ್ಲ," ಎಂದರು. ನಾಲ್ಕು ದಿನ ಬಿಟ್ಟು ಅವರೇ ಮಾಡಿದರು. ಇನ್ನೂ ಇಳಿದಿಲ್ಲ ಎಂದೆ. ಮೂರನೆಯ ಸಲ ಫೋನ್ ಬಡಿದುಕೊಂಡಾಗ ನಾನು ಎತ್ತಲಿಲ್ಲ. ಆಮೇಲೆ ಅವರು ಮಾಡಲಿಲ್ಲ.

ಜನವರಿಯಲ್ಲಿ ಪರೀಕ್ಷೆ. ಕೇಂದ್ರದ ಗೇಟಿನಿಂದ ಹೊರಬಂದ ಋತುಜಾಳ ಮುಖ ನೋಡಿದೊಡನೆ ನನಗೆ ಗೊತ್ತಾಯಿತು. ಬಸ್ಸಿನಲ್ಲಿ ಮೆಲ್ಲಗೆ ಹೇಳಿದಳು: "ಯಾವ ಭಿನ್ನರಾಶಿ ದೊಡ್ಡದು ಅಂತ ಕೇಳಿದ್ರು. ಸರ್ ಅಡ್ಡ ಗುಣಾಕಾರದ ಬಾಣ ಹಾಕಾಕ ಹೇಳಿದ್ರು. ಬಾಣದ ಉತ್ತರ ಯಾ ಕಡೆ ಬರೀಬೇಕು ಅಂತ ಮರ್ತೆ, ಮಮ್ಮಿ. ರೊಟ್ಟಿ ಮಾಡಿ ನೋಡೂನು ಅನಿಸ್ತು. ಆದ್ರ ಹಂಗ ಮಾಡ್ಕೋತ ಕುಂತ್ರ ಟೈಮ್ ಹೋಗತೈತಿ ಅಂತ ಸರ್ ಅಂದಿದ್ರಲ್ಲ, ಅದಕ್ಕ ಉತ್ತರದ ಹಾಳ್ಯಾಗ ಯಾವುದೋ ಒಂದು ಗೋಲ ತುಂಬಿದೆ."

ಮಾರ್ಚ್‌ನಲ್ಲಿ ಫಲಿತಾಂಶ ಬಂತು. ಪಟ್ಟಿಯನ್ನು ಮೇಲಿಂದ ಕೆಳಕ್ಕೆ, ಕೆಳಗಿಂದ ಮೇಲಕ್ಕೆ ನೋಡಿದೆ. ಅವಳ ಹೆಸರಿರಲಿಲ್ಲ.

ಆ ವಾರವೇ ಕಾವೇರಿ ಮೇಡಂ ಫೋನ್ ಮಾಡಿದರು. "ಅಕ್ಕೋರು ಏನಂದ್ರು?" ಎಂದು ಕೇಳಿದರು. ಸಿಟ್ಟು, ಅವಮಾನ ಎಲ್ಲ ಸೇರಿ ನಾನು ಅಂದುಬಿಟ್ಟೆ: "ನೀವು ಹೇಳಿದಿರಂತ ಹೋದ್ವಿರಿ. ಅವರಿಗೆ ಭಿನ್ನರಾಶೀನ ಬರಂಗಿಲ್ಲ. ನನ್ನ ಮಗಳ ಹತ್ರ ಕಲೀತಿದ್ರು. ನವೆಂಬರ್‌ನ್ಯಾಗ ಬಿಡಿಸಿದೆ."

ಆ ಕಡೆಯಿಂದ ಒಂದು ಸಣ್ಣ ನಗು ಬಂತು. ಆಮೇಲೆ ನಗು ನಿಂತಿತು.

"ಬಿಡಿಸಿದ್ರಾ?" ಎಂದರು. "ಅಯ್ಯೋ ಭಾಗ್ಯಶ್ರೀ, ನಾ ಮೊದಲ ಹೇಳಬೇಕಿತ್ತು. ಹೇಳಿದ್ರ ಕೂಸಿಗೆ ಗೊತ್ತಾಗತೈತಿ ಅಂತ ಸುಮ್ನಿದ್ದೆ."

ಅವರು ಹೇಳಿದ್ದು ಇಷ್ಟು. ರೆಹಮತ್‌ಬಿ ಉರ್ದು ಶಾಲೆಯಲ್ಲಿ ಓದಿದವರು. ಮೊದಲ ನೌಕರಿಗೆ ಕುಂದಗೋಳ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ಶಿಕ್ಷಕರಿಲ್ಲವೆಂದು ಕನ್ನಡ ಶಾಲೆಗೆ ಹಾಕಿದರು. ಲೆಕ್ಕ ಗೊತ್ತು, ಆದರೆ ಕನ್ನಡದಲ್ಲಿ ಅಂಶ, ಛೇದ ಎಂದರೆ ಏನೆಂದು ಗೊತ್ತಿಲ್ಲ. ಇಪ್ಪತ್ತಮೂರರ ಹುಡುಗಿ, ನಲವತ್ತು ಮಕ್ಕಳೆದುರು ಪುಸ್ತಕ ಹಿಡಿದು ನಿಂತು, ಕೊನೆಗೆ ನಾಚಿಕೆ ಬಿಟ್ಟು, "ನನಗ ತಿಳೀಲಿಲ್ಲ, ಯಾರರ ಹೇಳ್ರಿ," ಎಂದರಂತೆ. ಮುಂದಿನ ಸಾಲಿನ ಒಂದು ಹುಡುಗಿ ಎದ್ದು ಬಂದು, ಅಕ್ಕೋರ ಕುರ್ಚಿಯ ಮೇಲೇ ಹತ್ತಿ ನಿಂತು, ಹಲಗೆಯ ಮೇಲೆ ರೊಟ್ಟಿ ಬರೆದು ತೋರಿಸಿದಳು.

"ಆ ಹುಡುಗಿ ನಾನ," ಎಂದರು ಕಾವೇರಿ ಮೇಡಂ. "ಹೇಳ್ಕೋತ ಹೇಳ್ಕೋತ ನನಗ ತಿಳೀತು. ಅದನ್ನ ಅವರು ಕಂಡ್ರು. ಆವತ್ತಿಂದ ಅವರಿಗೆ ಯಾವ ಲೆಕ್ಕಾನೂ ತಿಳಿಯಂಗಿಲ್ಲ ನೋಡ್ರಿ! ಅವರ ಬಾಯಾಗ 'ತಿಳೀತು' ಅನ್ನೂ ಮಾತು ಒಂದ ಸಲ ಬರತೈತಿ, ಪಾಠ ಮುಗಿಸಿ ಕೂಸನ್ನ ಕಳಸೂ ದಿನ. ನನಗ ಪರೀಕ್ಷೆದ ಹಿಂದಿನ ದಿನ ಅಂದ್ರು. ನಾ ಅತ್ತಬಿಟ್ಟೆ."

ಫೋನಿಟ್ಟ ಮೇಲೆ, ಹಿಂದೆ ಕಿವಿಗೆ ಬಿದ್ದಿದ್ದ ಇನ್ನೊಂದು ಮಾತು ನೆನಪಾಯಿತು. ಋತುಜಾ ಬಾರದ ಮೇಲೂ ಅಕ್ಕೋರು ಬೇರೆ ಮಗುವನ್ನು ತೆಗೆದುಕೊಳ್ಳಲಿಲ್ಲವಂತೆ. "ನನ್ನ ಕೂಸಿಗೆ ಜ್ವರ ಐತಿ" ಎಂದು ಬಂದವರನ್ನು ವಾಪಸು ಕಳಿಸಿದರಂತೆ. ಐದಕ್ಕೆ ಕುರ್ಚಿ ಒರೆಸಿ ಇಡುತ್ತಿದ್ದರು ಎಂದು ಗುಲಾಬಸಾಬ ಯಾರ ಮುಂದೋ ಹೇಳಿದ್ದು ತಿರುಗಿ ನನ್ನ ಕಿವಿಗೂ ಬಂದಿತ್ತು. ಆಗ ನಾನು ಅದನ್ನು ಮನಸ್ಸಿಗೆ ಹಚ್ಚಿಕೊಂಡಿರಲಿಲ್ಲ.

ಹೋಗುವ ಧೈರ್ಯ ನನಗಿರಲಿಲ್ಲ. ಎಳೆದುಕೊಂಡು ಹೋದವಳು ಋತುಜಾ. "ಮಮ್ಮಿ, ಅಕ್ಕೋರು ಇನ್ನೂ ನಲವತ್ತೈದ ದೊಡ್ದು ಅಂತ ತಿಳ್ಕೊಂಡ ಕುಂತಿರ್ತಾರ. ನಾ ಹೇಳದ ಬಂದಬಿಟ್ಟೇನಿ. ಯಾರರ ಕೇಳಿದ್ರ ಪಾಪ ತಪ್ಪು ಹೇಳ್ತಾರ," ಎಂದು ಬೆನ್ನು ಹತ್ತಿದಳು.

ಕಮರಿಪೇಟೆಯ ಆ ಬಾಗಿಲಲ್ಲಿ ನಿಂತೆವು. ಅಕ್ಕೋರು ಅಕ್ಕಿ ಆರಿಸುತ್ತ ಕೂತಿದ್ದರು. ಕುರ್ಚಿ ಗೋಡೆಗೆ ತಿರುಗಿ ನಿಂತಿತ್ತು. ನನ್ನನ್ನು ನೋಡಲಿಲ್ಲ. ಋತುಜಾಳ ಹಣೆ ಮುಟ್ಟಿ, "ಜ್ವರ ಬಿಡ್ತೇನು ಸಣ್ಣ ಅಕ್ಕೋರೇ?" ಎಂದರು.

"ಯಾವ ಜ್ವರ?" ಎಂದಳು ನನ್ನ ಮಗಳು. ಆಮೇಲೆ ತಿರುಗಿ ನನ್ನ ಮುಖ ನೋಡಿದಳು.

"ತಪ್ಪಾತ್ರಿ ಅಕ್ಕೋರೇ," ಎಂದೆ.

"ಹೊರಗ ಕೂಡು ತಂಗಿ," ಎಂದರು. ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ಚೆನ್ನಾಗಿತ್ತು.

ಕಟ್ಟೆಯ ಮೇಲೆ ಕೂತೆ. ಒಳಗೆ ಕುರ್ಚಿ ಎಳೆದ ಸದ್ದು. ಋತುಜಾ ಒಂದೇ ಉಸಿರಿಗೆ ಹೇಳತೊಡಗಿದಳು: ಒಂದು ರೊಟ್ಟಿ ಹತ್ತು ತುಂಡು ಮಾಡಿದರೆ ಐದು ಅಂದರೆ ಅರ್ಧ ರೊಟ್ಟಿ, ಅದನ್ನೇ ನೂರು ತುಂಡು ಮಾಡಿದರೆ ಅರ್ಧಕ್ಕೆ ಐವತ್ತು ಬೇಕು, ನಲವತ್ತೈದು ಅಂದರೆ ಅರ್ಧಕ್ಕೆ ಐದು ಕಡಿಮೆ. ಈಗ ಅವರು ಕೇಳುತ್ತಾರೆ, ನೂರೇ ಯಾಕೆ ಎಂದು. ಈಗ ಹೇಳುತ್ತಾರೆ, ನನಗ ತಿಳೀಲಿಲ್ಲ. ನಾನು ಕಿಟಕಿಯ ಕಡೆ ಕಿವಿಯಿಟ್ಟು ಕಾದೆ. ಐದು ತಿಂಗಳು ಯಾವ ಮಾತಿಗೆ ಹಲ್ಲು ಕಚ್ಚಿ ಕೂತಿದ್ದೆನೋ ಅದೇ ಮಾತಿಗೆ ಕಾದೆ.

"ಹೂಂ," ಎಂದರು ಅಕ್ಕೋರು. "ತಿಳೀತು ಬೇಟಾ."

ಮನೆಗೆ ಬರುವಾಗ ಋತುಜಾ ನನ್ನ ಕೈ ಹಿಡಿದಿರಲಿಲ್ಲ. ಜ್ವರದ ಮಾತು ಅವಳ ಮನಸ್ಸಿನಲ್ಲಿ ಇದ್ದೇ ಇತ್ತು. ಆದರೂ ಬಸ್‌ಸ್ಟಾಪಿನ ಹತ್ತಿರ ತಡೆಯಲಾರದೆ, "ಈ ಸಲ ಅಕ್ಕೋರಿಗೆ ಒಂದ ಸಲಕ್ಕ ತಿಳೀತು, ಮಮ್ಮಿ!" ಎಂದಳು.

"ಹೌದು," ಎಂದೆ. ಅದರ ಅರ್ಥವನ್ನು ಅವಳಿಗೆ ಇನ್ನೂ ಹೇಳಿಲ್ಲ.